ಎಡಗೈ ಎಲ್ಲಿ ನಿಲ್ಲಬೇಕು

ನನ್ನ ಎಡಗೈ ಭುಜದಿಂದ ಮೇಲೆ ಏಳುವುದಿಲ್ಲ. ಪಕ್ಕೆಯಿಂದ ಒಂದು ಗೇಣು ದೂರದಲ್ಲಿ, ಕೆಳಗೆ, ನಿಂತುಬಿಟ್ಟಿದೆ. ಅಂಗಡಿಗೆ ಬರುವವರು ಹುಟ್ಟಿನಿಂದ ಹೀಗೆಯೋ, ಎಲ್ಲಾದರೂ ಬಿದ್ದದ್ದೋ ಎಂದು ಕೇಳುತ್ತಾರೆ. ಎರಡೂ ಅಲ್ಲ. ಇಷ್ಟು ಕೆಳಗೇ ಇರಲಿ ಎಂದು ಡಾಕ್ಟರನ್ನು ನಾನೇ ಕೇಳಿ ಇರಿಸಿಕೊಂಡದ್ದು ಎಂದರೆ ನಂಬುವವರಿಲ್ಲ. ಹಾಗಾಗಿ ಬಿದ್ದೆ ಎಂದೇ ಹೇಳಿಬಿಡುತ್ತೇನೆ.

ಹೋದ ತಿಂಗಳು ಮನ್ನಾಏಖೇಳ್ಳಿಯ ಒಬ್ಬ ತಾಯಿ ತನ್ನ ಮಗಳನ್ನು ಕರೆದುಕೊಂಡು ಹುಮನಾಬಾದಿನ ನಮ್ಮ ಹಗ್ಗದ ಅಂಗಡಿಗೆ ಬಂದಳು. ಹುಡುಗಿ ಕುಂಟುತ್ತಿದ್ದಳು. ತಾಯಿ ಆ ಕಡೆ ಈ ಕಡೆ ನೋಡಿ, ದನಿ ಇಳಿಸಿ, "ಟೊಂಕದ ಎಲುಬಿಗೆ ಟಿ.ಬಿ. ಆಗ್ಯದ ಅಂದಾರ್ರೀ. ನಿಮಗೂ ಅದ ಆಗಿತ್ತಂತಲ್ಲ, ದವಾಖಾನ್ಯಾಗ ಹೇಳಿದ್ರು" ಎಂದಳು. ಕಳವಿನ ಮಾಲು ಕೇಳುವವರೂ ಇನ್ನಷ್ಟು ಗಟ್ಟಿಯಾಗಿ ಕೇಳುತ್ತಾರೆ. ಇಬ್ಬರಿಗೂ ಚಹಾ ತರಿಸಿ ಕೂಡಿಸಿದೆ. ಎಷ್ಟು ತಿಂಗಳು ಸೂಜಿ, ಎಷ್ಟು ಗುಳಿಗೆ, ಪ್ಲಾಸ್ಟರಿನೊಳಗೆ ತುರಿಕೆ ಬಂದರೆ ಏನು ಮಾಡಬೇಕು ಎಲ್ಲ ಹೇಳಿದೆ. ಹುಡುಗಿ ಕೇಳಿದ್ದು ಒಂದೇ ಮಾತು: "ಅಣ್ಣಾರ, ಎಲ್ಲಾ ಮೊದಲಿನಂಗ ಆಗ್ತದೇನ್ರಿ?" ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಬಸ್ಸು ಬಂತು. ಅವಳಿಗೆ ಅವತ್ತು ಕೊಡದ ಉತ್ತರವನ್ನೇ ಈಗ ಬರೆಯುತ್ತಿದ್ದೇನೆ.

ನಾನು ಎಡಚ. ನಮ್ಮ ಕಡೆ ರೊಡ್ಡ ಎನ್ನುತ್ತಾರೆ, ಹೆಸರು ಬಿಟ್ಟು ಅದನ್ನೇ ಕೂಗುತ್ತಾರೆ. ಅವ್ವನ ತವರು ಬಸವಕಲ್ಯಾಣ. ರಜೆಗೆ ಅಲ್ಲಿಗೆ ಹೋದಾಗ ತ್ರಿಪುರಾಂತದ ಕೆರೆಯ ದಂಡೆಯಲ್ಲಿ ಚಪ್ಪಟೆ ಕಲ್ಲು ಆರಿಸಿ, ಬಗ್ಗಿ, ನೀರಿನ ಮೇಲೆ ಜಿಗಿಸುವುದು ನನ್ನ ಕೆಲಸ. ಐದು ಜಿಗಿತ, ಏಳು ಜಿಗಿತ, ಒಮ್ಮೆ ಹನ್ನೊಂದು. ಮುಂದೆ ಹುಮನಾಬಾದಿನಲ್ಲಿ ಕ್ರಿಕೆಟ್ ಆಡಲು ಶುರು ಮಾಡಿದಾಗ ಉಳಿದವರ ಹಾಗೆ ತಲೆಯ ಮೇಲಿಂದ ಕೈ ತಿರುಗಿಸಿ ಚೆಂಡು ಹಾಕಲು ನನಗೆ ಬರಲೇ ಇಲ್ಲ. ಕೆರೆದಂಡೆಯಲ್ಲಿ ಕಲಿತದ್ದನ್ನೇ ಮಾಡಿದೆ. ಓಡಿಬಂದು, ಎಡಮೊಣಕಾಲು ನೆಲ ಮುಟ್ಟುವಷ್ಟು ಬಗ್ಗಿ, ಎಡಗೈಯನ್ನು ಮಣ್ಣಿನ ಮೇಲೆಯೇ ಬೀಸಿ ಬಿಡುತ್ತಿದ್ದೆ. ಬೆರಳ ಗೆಣ್ಣು ನೆಲಕ್ಕೆ ತರಚಿ ರಕ್ತ ಬರುತ್ತಿತ್ತು. ಚೆಂಡು ಮಾತ್ರ ನೆಲ ಮುಟ್ಟಿದ ಮೇಲೆ ಏಳುತ್ತಲೇ ಇರಲಿಲ್ಲ. ನೀರಿನ ಮೇಲಿನ ಕಲ್ಲಿನ ಹಾಗೆ ಜಾರಿಕೊಂಡು ಹೋಗಿ ಸ್ಟಂಪಿನ ಬುಡಕ್ಕೆ ಬಡಿಯುತ್ತಿತ್ತು.

ನಮ್ಮ ವಿಕೆಟ್ ಕೀಪರ್ ಮಕಬೂಲ್. ಸೈಕಲ್ ರಿಪೇರಿ ಅಂಗಡಿ ಅವನದು, ವಯಸ್ಸಿನಲ್ಲಿ ನನಗಿಂತ ದೊಡ್ಡವ. ಪ್ರತಿ ಮ್ಯಾಚಿನಲ್ಲೂ ಅಂಪೈರ್ ನನ್ನನ್ನು ತಡೆದು, "ಇದು ಬೌಲಿಂಗ್ ಏನು, ಕಲ್ಲು ಒಗ್ಯೂದೇನು?" ಎಂದು ತಕರಾರು ತೆಗೆಯುತ್ತಿದ್ದರು. ಮಕಬೂಲ್ ಕೈಗವಸು ತೆಗೆದು, ಎದೆಗೆ ಕೈಯಿಟ್ಟು, "ಸಾಬ್, ಮೊಣಕೈ ನೋಡ್ರಿ, ಸೀದಾ ಅದ. ಕೈ ಕೆಳಗಿಂದ ಬರ್ತದ ಅಂತ ಮೊದಲ ಹೇಳಿಲ್ಲೇನು? ಎಲ್ಲಾ ಖಾಯದೇ ಪ್ರಕಾರ ಅದ" ಎಂದು ವಕೀಲಿಕೆ ಮಾಡುತ್ತಿದ್ದ. ಮೂರು ವರ್ಷ ಹೀಗೆ ನಡೆಯಿತು. ಬಸವಕಲ್ಯಾಣದ ತಂಡ ನಮ್ಮ ಊರಿಗೆ ಬಂದರೆ ಮೊದಲು ಕೇಳುತ್ತಿದ್ದದ್ದು, "ರೊಡ್ಡ ಅದಾನೇನು ಇವತ್ತ?" ಆ ಪ್ರಶ್ನೆ ಕೇಳಿಸಿಕೊಳ್ಳುವುದರಲ್ಲಿ ಎಂಥ ಸುಖವಿತ್ತು ಎಂದು ಈಗ ಯಾರಿಗೆ ಹೇಳಲಿ.

ಅಪ್ಪನಿಗೆ ಮಾತ್ರ ಇದು ಸಂಕಟದ ವಿಷಯ. ನಮ್ಮದು ಲಿಂಗವಂತರ ಮನೆ. ಮುಂಜಾನೆ ಜಳಕ ಮಾಡಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಅದನ್ನೇ ನೋಡುತ್ತ ಪೂಜೆ ಮಾಡಬೇಕು. ನೀರು ಹಾಕುವುದು, ವಿಭೂತಿ ಹಚ್ಚುವುದು, ಹೂ ಏರಿಸುವುದು ಬಲಗೈಯ ಪಾಲು. ಎಡಗೈಗೆ ಹಿಡಿಯುವುದೊಂದೇ ಕೆಲಸ. ಅಪ್ಪ ಒಂದು ದಿನವೂ ತಪ್ಪಿಸಿದವರಲ್ಲ.

"ಲಿಂಗ ಹಿಡಿಯೋ ಅಂಗೈಯಾಗ ಚಕ್ಕಳದ ಚೆಂಡು ಹಿಡೀತಿ. ನಾಚಿಕಿ ಬರೂದಿಲ್ಲೇನು?"

"ಅಂಗಡ್ಯಾಗ ಬಾರಕೋಲು ಮಾರ್ತೀರಿ ಅಪ್ಪಾ, ಅದು ಯಾತರದ್ದು?" ಎಂದೆ.

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟುಬಿಟ್ಟರು. ಅವ್ವ ಮಾತ್ರ ಒಳಗೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಗುಲ್ಬರ್ಗಾದಲ್ಲಿ ವಿಭಾಗದ ತಂಡಕ್ಕೆ ಆಟಗಾರರನ್ನು ಆರಿಸುತ್ತಾರೆ ಎಂದು ಸುದ್ದಿ ಬಂದ ಚಳಿಗಾಲದಲ್ಲೇ ಭುಜ ನೋಯತೊಡಗಿತು. ಮೊದಲು ಆಟದ ಮಾರನೇ ದಿನ, ಆಮೇಲೆ ದಿನವೂ. ಅಂಗಿ ತೊಡುವುದಕ್ಕೆ ಬಾಗಿಲ ಹಿಂದೆ ನಿಂತು ಹಲ್ಲು ಕಚ್ಚುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅಪ್ಪ ಆಟ ಬಿಡಿಸುತ್ತಾರೆ ಎಂಬ ಹೆದರಿಕೆ. ಮಕಬೂಲನಿಗೊಬ್ಬನಿಗೆ ಹೇಳಿದೆ. ಅವನು ಒಂದು ಹಳ್ಳಿಯ ನಾಟಿ ವೈದ್ಯರ ಬಳಿ ಕರೆದೊಯ್ದ. ಅವರು ನರ ಜಾರಿದೆ ಎಂದು ಬಿಸಿ ಎಣ್ಣೆ ಸುರಿದು ತಿಕ್ಕಿ, ಜಗ್ಗಿ, ಬಿದಿರಿನ ಪಟ್ಟಿ ಕಟ್ಟಿದರು. ಗುಲ್ಬರ್ಗಾಕ್ಕೆ ಹೋಗುವ ದಿನ ಪಟ್ಟಿ ಬಿಚ್ಚಿ ಬಸ್ಸು ಹತ್ತಿದೆ. ಅಲ್ಲಿ ಆರೇ ಆರು ಚೆಂಡು ಹಾಕಿದೆ. ಮೂರು ಸಲ ಸ್ಟಂಪ್ ಬಿತ್ತು. ಆರಿಸುವವರಲ್ಲಿ ಒಬ್ಬರು ನಕ್ಕು, "ಎಲ್ಲಿಂದ ಹಿಡಕೊಂಡು ಬಂದ್ರಿ ಇವನ್ನ? ಹದಿನೈದು ದಿನ ಬಿಟ್ಟು ಮತ್ತ ಬಾರಪ್ಪ" ಎಂದರು.

ಹದಿನೈದು ದಿನದಲ್ಲಿ ನನ್ನ ಭುಜ ಊದಿ, ಜ್ವರ ಸಂಜೆ ಸಂಜೆಗೆ ಏರಿ, ಕೈ ತನ್ನಷ್ಟಕ್ಕೆ ತಾನು ಜೋತುಬಿತ್ತು. ಮುಚ್ಚಿಡಲು ಆಗಲಿಲ್ಲ. ನಾನು ಮಾಡಿದ ತಪ್ಪು ಅದೇ. ಮೊದಲ ತಿಂಗಳೇ ಬಾಯಿ ಬಿಟ್ಟಿದ್ದರೆ ಕೀಲು ಉಳಿಯುತ್ತಿತ್ತೇನೋ. ಮಗಳೇ, ನೋವನ್ನು ಮುಚ್ಚಿಡಬೇಡ. ಬುದ್ಧಿಮಾತು ಅಂತ ಇದೊಂದೇ ಇದೆ ನನ್ನ ಹತ್ತಿರ.

ಅಪ್ಪ ಬೈಯಲಿಲ್ಲ. ಅಂಗಡಿಯ ಬಾಗಿಲು ಹಾಕಿ ಸೊಲ್ಲಾಪುರದ ದೊಡ್ಡ ದವಾಖಾನೆಗೆ ಕರೆದೊಯ್ದರು. ಎಲುಬಿನ ಡಾಕ್ಟರರ ಕೋಣೆಯ ಹೊರಗೆ ಎರಡು ಉದ್ದನೆಯ ಬೆಂಚು. ಮೂವರು ಕೂತರೆ ನಾಲ್ಕನೆಯವನಿಗೆ ಜರುಗಬೇಕು. ಅಲ್ಲಿ ಯಾರೂ ಯಾರ ಕಾಯಿಲೆಯನ್ನೂ ಕೇಳುತ್ತಿರಲಿಲ್ಲ, ಊರು ಕೇಳುತ್ತಿದ್ದರು. ಅವ್ವ ಬುತ್ತಿ ಬಿಚ್ಚಿ, ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿಗೂ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ಆ ಹೆಂಗಸು ತನ್ನ ಗಂಡನ ಕಾಲಿನ ಎಕ್ಸರೇ ಫಿಲ್ಮನ್ನು ಮಡಿಲಲ್ಲಿಟ್ಟುಕೊಂಡೇ ಉಂಡಳು.

ಡಾಕ್ಟರ್ ಸಾಹೇಬರು ನನ್ನ ಫಿಲ್ಮನ್ನು ಬೆಳಕಿಗೆ ಹಿಡಿದರು. ಕ್ಷಯ, ಭುಜದ ಕೀಲಿಗೆ. ಆ ಶಬ್ದ ಕೇಳಿ ಅವ್ವ ಮೊದಲು ಮಾಡಿದ್ದು ನನ್ನ ಬೆನ್ನ ಮೇಲಿದ್ದ ತನ್ನ ಕೈಯನ್ನು ತೆಗೆದದ್ದು. ಒಂದು ಕ್ಷಣ ಅಷ್ಟೆ. ಮರುಕ್ಷಣ ಅದೇ ಕೈಯಲ್ಲಿ ನನ್ನ ತಲೆಯನ್ನು ತಬ್ಬಿ ಎದೆಗೆ ಒತ್ತಿಕೊಂಡಳು. ಆ ಒಂದು ಕ್ಷಣಕ್ಕಾಗಿ ಅವಳು ಸಾಯುವವರೆಗೂ ನನ್ನ ಕ್ಷಮೆ ಕೇಳುತ್ತಿದ್ದಳು. ನನಗೆ ಬೇಸರವೇ ಇರಲಿಲ್ಲ, ನನ್ನ ಕೈಗೆ ನಾನೇ ಹೆದರಿದ್ದೆ. ಊರಲ್ಲಿ ಮಾತ್ರ, "ಕೈ ಮುರದದ, ಸೊಲ್ಲಾಪುರದಾಗ ಕಟ್ಟಿಸಾಕತ್ತೇವಿ" ಎಂದೇ ಹೇಳಿದಳು.

ದಿನಕ್ಕೊಂದು ಸೂಜಿ. ಕುದುರೆಗೆ ಕೊಡುವಂಥ ಗುಳಿಗೆ, ಹಿಡಿ ತುಂಬ. ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಆಗುತ್ತಿತ್ತು. ಜ್ವರ ಇಳಿಯಿತು, ಹಸಿವೆ ಬಂತು. ಎರಡು ತಿಂಗಳ ಮೇಲೆ ಮತ್ತೆ ಫಿಲ್ಮ್ ತೆಗೆಸಿ, ಸಾಹೇಬರು ಅಪ್ಪನನ್ನೂ ನನ್ನನ್ನೂ ಎದುರಿಗೆ ಕೂಡಿಸಿಕೊಂಡರು.

"ರೋಗ ಹೋಗ್ತದ, ಚಿಂತಿ ಮಾಡಬ್ಯಾಡ್ರಿ. ಆದ್ರ ಕೀಲು ಉಳದಿಲ್ಲ, ಒಳಗ ತಿಂದು ಹೋಗ್ಯದ. ಇನ್ನ ಅದು ಎಲುಬಿಗೆ ಎಲುಬು ಕೂಡಿ ಗಟ್ಟಿ ಆಗಬೇಕು. ನಾ ಕೈ ಎಲ್ಲಿ ಇಟ್ಟು ಪ್ಲಾಸ್ಟರ್ ಹಾಕ್ತೀನಿ, ಅದು ಜನ್ಮಪೂರ್ತಿ ಅಲ್ಲೇ ನಿಲ್ತದ. ಮೊಣಕೈ, ಮುಂಗೈ ಆಡ್ತಾವ, ಭುಜ ಆಡೂದಿಲ್ಲ. ಅದಕ್ಕ ಕೇಳ್ತೀನಿ. ಈ ಎಡಗೈಲಿಂದ ನೀ ಏನೇನು ಮಾಡ್ತಿ?"

ಇಂಥ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. "ಬೌಲಿಂಗ್ ಮಾಡ್ತೀನ್ರಿ" ಎಂದೆ.

ಅದೇ ಉಸಿರಿನಲ್ಲಿ ಅಪ್ಪ, "ಲಿಂಗಪೂಜಿ ಮಾಡ್ತಾನ್ರಿ" ಎಂದರು.

ಸಾಹೇಬರು ಪೆನ್ನು ಕೆಳಗಿಟ್ಟರು. ಎಲ್ಲರಿಗೂ ಅವರು ಕೈಯನ್ನು ಮುಂದಕ್ಕೂ ಮೇಲಕ್ಕೂ ಎತ್ತಿ ಕೂಡಿಸುತ್ತಾರಂತೆ. ಅಂಗೈ ಮುಖದವರೆಗೆ ಬರಬೇಕು, ಅದೇ ಪದ್ಧತಿ. ಹಾಗೆ ಕೂಡಿಸಿದರೆ ಅಪ್ಪನ ಮಾತು ಉಳಿಯುತ್ತದೆ, ಲಿಂಗ ಕಣ್ಣೆದುರಿಗೆ ಬರುತ್ತದೆ. ಆದರೆ ಕೈ ಇನ್ನೆಂದೂ ನೆಲದ ಹತ್ತಿರ ಬೀಸುವುದಿಲ್ಲ. ಕೆಳಗೆ, ಪಕ್ಕೆಯ ಹತ್ತಿರ ಕೂಡಿಸಿದರೆ ಎಂದು ನಾನೇ ಕೇಳಿದೆ. "ಮೈ ಬಗ್ಗಿಸಿ ಮೊಣಕೈಲಿಂದ ಒಗದ್ರೂ ಒಗೀಬಹುದು. ನಾ ಮಾತು ಕೊಡೂದಿಲ್ಲ" ಎಂದರು ಸಾಹೇಬರು. ಯೋಚಿಸಲು ಮೂರು ದಿನ ಕೊಟ್ಟರು.

ಆ ಮೂರು ದಿನ ಅಪ್ಪ, ಅವ್ವ ದವಾಖಾನೆಯ ಎದುರಿನ ಧರ್ಮಶಾಲೆಯಲ್ಲಿದ್ದರು, ನಾನು ವಾರ್ಡಿನಲ್ಲಿ. ಕಾಯುವ ಬೆಂಚಿನ ಹತ್ತಿರ ಹಳೆಯ ಪತ್ರಿಕೆಗಳ ಒಂದು ಕಟ್ಟು ಬಿದ್ದಿರುತ್ತಿತ್ತು. ಮೊದಲ ದಿನ ಅದನ್ನು ತಿರುವುತ್ತಿದ್ದಾಗ, ರಟ್ಟು ಕಿತ್ತುಹೋದ ಒಂದು ಪರದೇಶದ ಪತ್ರಿಕೆಯಲ್ಲಿ ನನ್ನನ್ನೇ ನೋಡಿದೆ. ಟೋಪಿ ಹಾಕಿದ ಒಬ್ಬ ಆಟಗಾರ, ಮೊಣಕಾಲು ಮಣ್ಣಿಗೆ ತಾಗುವಷ್ಟು ಬಗ್ಗಿ, ಕೈಯನ್ನು ನೆಲದಿಂದ ನಾಲ್ಕೇ ಬೆರಳು ಮೇಲೆ ಬೀಸಿದ್ದಾನೆ. ಬಲಗೈ ಅಷ್ಟೇ ಬೇರೆ. ನನಗೆ ಬರುವ ಇಂಗ್ಲಿಷಿನಲ್ಲಿ ಓದಲಾಗದೆ ಸುತ್ತು ಬಂದ ಸಾಹೇಬರ ಮುಂದೆ ಹಿಡಿದೆ. ಅವರು ನಿಂತುಕೊಂಡೇ ಓದಿ ಹೇಳಿದರು. ಜಪಾನಿನವನು. ಬೇಸ್‌ಬಾಲ್ ಎಂಬ ಆಟ. ಅಲ್ಲಿ ಎಲ್ಲರೂ ಮೇಲಿನಿಂದ ಒಗೆಯುತ್ತಾರೆ. ಇವನೂ ಹಾಗೇ ಒಗೆಯುತ್ತಿದ್ದವನು ಭುಜ ನೊಂದಿತೆಂದು ಕೈಯನ್ನು ಸ್ವಲ್ಪ ಇಳಿಸಿದ, ಇನ್ನೂ ಇಳಿಸಿದ, ನೋವಿಲ್ಲದ ಜಾಗ ಸಿಗುವವರೆಗೆ ಇಳಿಸಿದ. ಹಾಗೆ ಒಗೆಯುತ್ತಲೇ ದೊಡ್ಡ ತಂಡದಲ್ಲಿ ವರ್ಷಗಟ್ಟಲೆ ಆಡುತ್ತಿದ್ದಾನೆ. ಹೆಸರಿದ್ದ ಮೂಲೆ ಹರಿದುಹೋಗಿತ್ತು.

"ಇವನಿಗೆ ಕೀಲು ಇತ್ತಪಾ, ನಿನಗಿಲ್ಲ" ಎಂದು ಸಾಹೇಬರು ಮೆಲ್ಲಗೆ ಹೇಳಿದರು. ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಳೆ ಹರಿದು ದಿಂಬಿನ ಕೆಳಗಿಟ್ಟುಕೊಂಡೆ. ಜಗತ್ತಿನ ಇನ್ನೊಂದು ಮೂಲೆಯಲ್ಲಿ ನನ್ನ ಹಾಗೆ ಬಗ್ಗುವವನೊಬ್ಬ ಇದ್ದಾನೆ ಎನ್ನುವುದೇ ನನಗೆ ಎಲ್ಲ ಸೂಜಿಗಿಂತ ದೊಡ್ಡ ಔಷಧವಾಯಿತು.

ಎರಡನೇ ದಿನ ಅಪ್ಪ ಬಂದು ಹಾಸಿಗೆಯ ಪಕ್ಕ ನಿಂತರು. "ಆಟ ಎಷ್ಟು ದಿನದ್ದು? ಮೂವತ್ತಾದ್ರ ಮುಗೀತು. ಪೂಜಿ ಉಸಿರಿರೂತನಕ. ಇಷ್ಟು ತಿಳೀವಲ್ದೇನು ನಿನಗ?"

"ತಿಳೀತದ ಅಪ್ಪಾ. ಆದ್ರ ಚೆಂಡು ಬಿಟ್ಟ್ರ ನಾ ಯಾರಿಗೂ ಬೇಕಾಗಿಲ್ಲ. ಹುಮನಾಬಾದನಾಗ ಒಬ್ಬ ರೊಡ್ಡ, ಅಷ್ಟ."

ಇಪ್ಪತ್ತೆರಡನೇ ವಯಸ್ಸಿಗೆ ಅಳುವುದು ನಾಚಿಕೆ, ಆದರೂ ಅತ್ತೆ. ಅಪ್ಪ ಹೊರಟರು. ಹೋಗುವಾಗ ದಿಂಬಿನಿಂದ ಹೊರಗೆ ಇಣುಕಿದ್ದ ಆ ಚಿತ್ರವನ್ನು ಎತ್ತಿ, ಬಹಳ ಹೊತ್ತು ನೋಡಿ, ಮತ್ತೆ ಅಲ್ಲೇ ಇಟ್ಟರು.

ಮೂರನೇ ದಿನ ಮುಂಜಾನೆ ಪ್ಲಾಸ್ಟರ್ ಕೋಣೆಯ ಹೊರಗೆ ನಾವು ಮೂವರೂ ನಿಂತಿದ್ದೆವು. ಸಾಹೇಬರು ಬಂದು ನನ್ನ ಮುಖ ನೋಡಿದರು. ನಾನು ಸೋತುಬಿಟ್ಟಿದ್ದೆ. "ಅಪ್ಪ ಹೇಳಿದಂಗ ಮಾಡ್ರಿ" ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಮುಂದೆ ಬಂದರು.

"ಸಾಹೇಬ್ರ, ಅಂವ ಕೇಳಿದಲ್ಲೇ ಕೂಡಿಸ್ರಿ. ಕೆಳಗ."

"ಪೂಜಿ ಹ್ಯಾಂಗ ಮಾಡ್ಬೇಕ್ರಿ ಮತ್ತ?"

"ನಾ ಮಾಡಿ ನೋಡೀನ್ರಿ, ಆಗ್ತದ. ಕೈ ಮ್ಯಾಲ ಬರ್ಲಿಲ್ಲಂದ್ರ ತಲಿ ಕೆಳಗ ಬಾಗಸ್ಬೇಕು. ಅಷ್ಟ."

ಒಳಗೆ ಹೋಗುವ ಮುನ್ನ ಅವ್ವ ನನ್ನ ಕಿವಿಯಲ್ಲಿ ಹೇಳಿದಳು. ಅಪ್ಪ ಆವತ್ತು ಮುಂಜಾನೆ ಧರ್ಮಶಾಲೆಯ ಜಗಲಿಯಲ್ಲಿ ಕೂತು, ಒಂದು ಹಗ್ಗ ಕೊಟ್ಟು, ತಮ್ಮ ಎಡತೋಳನ್ನು ಪಕ್ಕೆಗೆ ಬಿಗಿಯಾಗಿ ಕಟ್ಟು ಎಂದರಂತೆ. ಅವ್ವ ಕಟ್ಟಿದಳು. "ಇನ್ನ ಬಿಗಿ" ಎಂದರಂತೆ. ಹಾಗೇ ಕೂತು ಪೂಜೆ ಪೂರ್ತಿ ಮುಗಿಸಿದರಂತೆ. ಹಗ್ಗ ಬಿಚ್ಚಿದಾಗ ತೋಳಿನ ಮೇಲೆ ಬರೆ ಎದ್ದಿತ್ತು ಎಂದು ಅವ್ವ ಹೇಳಿದಳು.

ಪ್ಲಾಸ್ಟರ್ ಎದೆಯನ್ನೂ ಸೇರಿಸಿ ಹಾಕುತ್ತಾರೆ. ಕೊರಳಲ್ಲಿದ್ದ ಲಿಂಗವನ್ನು ತೆಗೆಯಬೇಕು ಎಂದರು ಪ್ಲಾಸ್ಟರ್ ಹಾಕುವವರು. ಮೈಮೇಲಿಂದ ತೆಗೆಯುವ ಹಾಗಿಲ್ಲ ಎಂದಳು ಅವ್ವ. ಸೆರಗಿನ ಅಂಚು ಹರಿದು, ಲಿಂಗವನ್ನು ನನ್ನ ಬಲತೋಳಿಗೆ ಕಟ್ಟಿದಳು. ನಾಲ್ಕು ತಿಂಗಳು ಅದು ಅಲ್ಲೇ ಇತ್ತು. ಎಡ ಅಂಗೈ ಮಾತ್ರ ಪ್ಲಾಸ್ಟರಿನಿಂದ ಹೊರಗೆ ಇಣುಕುತ್ತ, ಕೆಲಸವಿಲ್ಲದೆ ಬಿದ್ದಿತ್ತು.

ಒಂದು ಭಾನುವಾರ ಮಕಬೂಲ್ ಸೊಲ್ಲಾಪುರದ ವಾರ್ಡಿಗೆ ಬಂದ. ಗೋಣಿಚೀಲದೊಳಗಿಂದ ನಮ್ಮ ಹಳೇ ಚೆಂಡು ತೆಗೆದು ಆ ಅಂಗೈಯಲ್ಲಿಟ್ಟ. "ಬೆರಳು ಮರೀಬಾರದು ಯಾರ್" ಎಂದ. ಬೆರಳುಗಳು ಚೆಂಡಿನ ಹೊಲಿಗೆಯನ್ನು ತಾವೇ ಹುಡುಕಿ ಹಿಡಿದವು. ಹಗಲೆಲ್ಲ ಹಿಡಿದಿರುತ್ತಿದ್ದೆ. ಬಿದ್ದರೆ ಪಕ್ಕದ ಹಾಸಿಗೆಯವರು, ಇಲ್ಲವೆ ಕಸ ಗುಡಿಸುವ ಹೆಂಗಸು, ಎತ್ತಿ ಕೊಡುತ್ತಿದ್ದರು. ತುರಿಕೆಗೆ ಬಿದಿರುಕಡ್ಡಿ, ಬೇಸರಕ್ಕೆ ಚೆಂಡು. ಕಣ್ಣು ಮುಚ್ಚಿದರೆ ಆ ಜಪಾನಿನವನು ಬರುತ್ತಿದ್ದ. ಈ ವಾರ ಗೆದ್ದ, ಮುಂದಿನ ವಾರ ಭುಜ ಹಿಡಿದುಕೊಂಡು ಕೂತ, ಮತ್ತೆ ಎದ್ದ. ಅವನ ಆಟದ ಬದುಕನ್ನೆಲ್ಲ ನಾನೇ ಮಲಗಿದಲ್ಲಿಂದ ಆಡಿಸುತ್ತಿದ್ದೆ.

ಪ್ಲಾಸ್ಟರ್ ಕೊಯ್ದಾಗ ಹೊರಬಂದ ತೋಳು ನನ್ನದೆಂದು ಅನ್ನಿಸಲಿಲ್ಲ. ಕಟ್ಟಿಗೆಯಷ್ಟು ತೆಳ್ಳಗೆ, ಸಿಪ್ಪೆ ಸುಲಿಯುತ್ತಿತ್ತು. ಆದರೆ ಭುಜ ಒತ್ತಿದರೆ ನೋವಿರಲಿಲ್ಲ. ಒಂದು ವರ್ಷದ ಮೇಲೆ ಮೊದಲ ಸಲ ನೋವಿಲ್ಲದೆ ಕೂತೆ.

ಗುಳಿಗೆ ಇನ್ನೂ ಒಂದು ವರ್ಷ ನಡೆಯಿತು. ಅದು ಮುಗಿದ ಮೇಲೆ ಒಂದು ದಿನ ಅಂಗಡಿ ತೆರೆಯುವ ಮುಂಚೆ ಅಪ್ಪ, "ಚೆಂಡು ತಗೊಂಡು ಬಾ" ಎಂದರು. ಮೈದಾನದಲ್ಲಿ ಯಾರೂ ಇರಲಿಲ್ಲ. ಅಪ್ಪ ಧೋತರ ಎತ್ತಿ ಕಟ್ಟಿ, ಮಕಬೂಲ್ ನಿಲ್ಲುತ್ತಿದ್ದ ಜಾಗದಲ್ಲಿ, ಬಾವಿಯ ಹತ್ತಿರ ಕೊಡ ಇಳಿಸುವವರ ಹಾಗೆ ಕುಕ್ಕರುಗಾಲಲ್ಲಿ ಕೂತರು. "ಒಗಿ, ನೋಡೋಣು."

ಓಡಿಬಂದೆ, ಬಗ್ಗಿದೆ, ಬೀಸಿದೆ. ಕೈ ಬರಲಿಲ್ಲ. ಮೈಯೆಲ್ಲ ತಿರುಗಿತು, ಮೊಣಕೈ ತಿರುಗಿತು, ನಡುವೆ ಭುಜ ಕಲ್ಲಿನ ಹಾಗೆ ನಿಂತಿತ್ತು. ಚೆಂಡು ಬೆರಳಿಂದ ಜಾರಿ, ನಾಲ್ಕು ಸಲ ನೆಲಕ್ಕೆ ಬಡಿದು, ಉರುಳುತ್ತ ಉರುಳುತ್ತ ಅಪ್ಪನ ಕಾಲ ಬಳಿ ಹೋಗಿ ನಿಂತಿತು. ಇನ್ನೊಂದು ಒಗೆದೆ. ಹತ್ತು ಒಗೆದೆ. ಹತ್ತೂ ಉರುಳಿದವು. ಅಪ್ಪ ಪ್ರತಿ ಸಲವೂ ಚೆಂಡು ಎತ್ತಿಕೊಂಡು, ಇಪ್ಪತ್ತೆರಡು ಗಜ ನಡೆದು ಬಂದು ನನ್ನ ಎಡ ಅಂಗೈಯಲ್ಲಿಡುತ್ತಿದ್ದರು. ಹತ್ತನೇ ಸಲ ಬಂದಾಗ ಅವರ ಕಣ್ಣು ತುಂಬಿತ್ತು. "ಸಾಕು ನಡಿ, ಗಿರಾಕಿ ಬಂದಿರ್ತಾರ" ಎಂದರು. ಚಕ್ಕಳದ ಚೆಂಡನ್ನು ತಾವೇ ಜುಬ್ಬಾದ ಕಿಸೆಯಲ್ಲಿಟ್ಟುಕೊಂಡು ಮನೆಗೆ ತಂದರು.

ಇದಾಗಿ ಹತ್ತು ವರ್ಷದ ಮೇಲಾಯಿತು. ನಾನು ಮತ್ತೆ ಆಡಲಿಲ್ಲ. ಬಸವಕಲ್ಯಾಣದ ತಂಡ ಈಗಲೂ ಬರುತ್ತದೆ, ರೊಡ್ಡನನ್ನು ಕೇಳುವವರಿಲ್ಲ. ಮಕಬೂಲನ ಮಗ ಈಗ ಕೀಪರ್. ಆ ಜಪಾನಿನವನೂ ಇಷ್ಟರಲ್ಲಿ ಆಟ ಬಿಟ್ಟಿರಬೇಕು. ಅವನಿಗೆ ಕೊನೆಯ ಚೆಂಡು ಯಾವುದೆಂದು ಮೊದಲೇ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಗುಲ್ಬರ್ಗಾದ ಆ ಆರನೆಯ ಚೆಂಡನ್ನು ಇನ್ನೊಂದಿಷ್ಟು ಹೊತ್ತು ಕೈಯಲ್ಲಿ ಹಿಡಿದಿರುತ್ತಿದ್ದೆ.

ಮಗಳೇ, ಮೊದಲಿನಂಗ ಆಗೂದಿಲ್ಲ. ಸುಳ್ಳು ಹೇಳಿ ನಿನ್ನ ಬೆನ್ನು ತಟ್ಟುವುದು ನನಗೆ ಬೇಡ. ನೋವು ಹೋಗುತ್ತದೆ, ಜ್ವರ ಹೋಗುತ್ತದೆ, ಉಂಡದ್ದು ಮೈಗೆ ಹತ್ತುತ್ತದೆ. ಆಸೆ ಮಾತ್ರ ಹೋಗುವುದಿಲ್ಲ. ಅದನ್ನು ಇಟ್ಟುಕೊಂಡೂ ಬದುಕಬಹುದು, ನಾನು ಬದುಕಿದ್ದೇನೆ. ನಿನ್ನ ಡಾಕ್ಟರರು ಏನಾದರೂ ಕೇಳಿದರೆ ನಿನಗೆ ಬೇಕಾದದ್ದನ್ನೇ ಹೇಳು. ನಾನು ಕೇಳಿದ್ದು ನನಗೆ ಉಪಯೋಗಕ್ಕೆ ಬರಲಿಲ್ಲ. ಆದರೂ ಕೇಳಿದ್ದಕ್ಕೆ ಒಂದು ದಿನವೂ ಮರುಗಿಲ್ಲ.

ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಮುಂಜಾನೆ ನಾನು ಪೂಜೆಗೆ ಕೂಡುತ್ತೇನೆ. ಲಿಂಗ ಕೆಳಗೆ, ಮಡಿಲ ಹತ್ತಿರದ ಅಂಗೈಯಲ್ಲಿರುತ್ತದೆ, ಮೊಣಕೈ ಮಡಚಿ ಮೇಲೆತ್ತಿದರೆ ಅಂಗೈ ವಾಲುತ್ತದೆ. ಬೆನ್ನು ಬಗ್ಗಿಸಿ, ಕೊರಳು ಬಗ್ಗಿಸಿ, ಹಣೆ ಇನ್ನೇನು ಅದಕ್ಕೆ ತಾಗಬೇಕು ಅಷ್ಟು ಬಾಗುತ್ತೇನೆ. ನೋಡಿದ ನೆರೆಹೊರೆಯವರು, "ಎಷ್ಟು ಬಾಗ್ತಾರ ನೋಡ್ರಿ, ಎಂಥಾ ಭಕ್ತಿ!" ಎನ್ನುತ್ತಾರೆ. ಒಂದು ಚೆಂಡಿಗಾಗಿ ಬಾಗಿದ್ದು ಎಂದು ಅವರಿಗೆ ಏನು ಹೇಳಲಿ. ಧರ್ಮಶಾಲೆಯ ಜಗಲಿಯಲ್ಲಿ ಅಪ್ಪ ತೋಳು ಕಟ್ಟಿಸಿಕೊಂಡು ಕೂತದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಹಾಗೆ ಬಾಗಿದಾಗ ಮಾತ್ರ ಕಾಣುತ್ತದೆ.

ಪೂಜೆ ಮುಗಿದ ಮೇಲೆ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳುತ್ತೇನೆ. ಎಡ ಅಂಗೈ ಬರಿದಾಗುತ್ತದೆ. ಇನ್ನೂ ಒದ್ದೆ ಇರುವ ಆ ಬೆರಳುಗಳು ಆಗ ತಾವಾಗಿಯೇ ಮಡಚಿಕೊಂಡು ಚೆಂಡಿನ ಹೊಲಿಗೆಯನ್ನು ಹುಡುಕುತ್ತವೆ. ನಾನು ಬೇಡ ಎನ್ನುವುದಿಲ್ಲ. ಸ್ವಲ್ಪ ಹೊತ್ತು ಹುಡುಕಲಿ ಎಂದು ಕೂತಿರುತ್ತೇನೆ, ಆಮೇಲೆ ಎದ್ದು ಅಂಗಡಿಯ ಬಾಗಿಲು ತೆರೆಯುತ್ತೇನೆ.